ಕರಿಕಿ ಕಡಿದ ಹೊಲಕ್ಕೆ ಹುಲ್ಲು ಹಚ್ಚುವ ಮಾತು

ಗಣಪತಿಗೆ ಇಪ್ಪತ್ತೊಂದು ಎಸಳು ಏರಿಸುವ ಗರಿಕೆ ಎರೆ ಹೊಲಕ್ಕೆ ಕಾಲಿಟ್ಟರೆ ಒಕ್ಕಲಿಗನ ನಿದ್ದೆ ಕೆಡುತ್ತದೆ. ಕಲಬುರಗಿ ಸೀಮೆಯಲ್ಲಿ ಅದು ಕರಿಕಿ. ಮೇಲೆ ಕಿತ್ತರೆ ಕೆಳಗೆ ಉಳಿಯುತ್ತದೆ, ಕೆಳಗೆ ತುಂಡಾದರೆ ತುಂಡಿಗೊಂದು ಗಿಡವಾಗುತ್ತದೆ, ಕುಂಟೆ ಹೊಡೆದಷ್ಟೂ ಹರಡುತ್ತದೆ. ಹಿಂದೆ ಇದನ್ನು ತೆಗೆಸಲು ಬೇಸಿಗೆಯ ಬಿಸಿಲಲ್ಲಿ ಹಲವು ಜೋಡಿ ಎತ್ತು ಹೂಡಿ ದೊಡ್ಡ ನೇಗಿಲಿನಿಂದ ಹೆಂಟೆ ಎಬ್ಬಿಸುತ್ತಿದ್ದರು. ಆಳುಗಳು ಹಿಂದಿನಿಂದ ಬೇರು ಆರಿಸಿ ಬದುವಿಗೆ ಒಟ್ಟುತ್ತಿದ್ದರು. ಈಗ ಆ ಕೆಲಸ ಟ್ರ್ಯಾಕ್ಟರಿನ ಪಲ್ಟಿ ನೇಗಿಲಿನದು. ಆದರೂ ಕರಿಕಿ ಬಿದ್ದ ಹೊಲವನ್ನು ಲಾವಣಿಗೆ ಹಿಡಿಯುವವನು ಇವತ್ತಿಗೂ ಎರಡು ಸಲ ಯೋಚಿಸುತ್ತಾನೆ.

ಇಂಥ ರೈತನ ಎದುರು ನಿಂತು, ‘ಒಮ್ಮೆ ಹಚ್ಚಿದರೆ ನಾಲ್ಕೈದು ವರ್ಷ ಸಾಯದ ಹುಲ್ಲು ಬಂದಿದೆ, ಹಚ್ಚಿರಿ’ ಎಂದರೆ ಅವನು ಹೇಳಿದವನ ಮುಖವನ್ನೇ ನೋಡಿಯಾನು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಹುವಾರ್ಷಿಕ ಮೇವಿನ ಹುಲ್ಲಿನ ಮಾತು ಎತ್ತುವ ಯಾರೇ ಆಗಲಿ, ಇಲಾಖೆಯವರಾಗಲಿ ಹಾಲಿನ ಡೇರಿಯವರಾಗಲಿ, ಮೊದಲು ದಾಟಬೇಕಾದ ಹಳ್ಳ ಇದು. ತಾಂತ್ರಿಕ ಕೈಪಿಡಿಗಳಲ್ಲಿ ಇದರ ಪ್ರಸ್ತಾಪ ಇರುವುದಿಲ್ಲ. ಅಂತರ ಎಷ್ಟು, ಗೊಬ್ಬರ ಎಷ್ಟು, ಕಟಾವು ಯಾವಾಗ ಎಂಬುದಷ್ಟೇ ಇರುತ್ತದೆ.

ಹಾಗಾದರೆ ಹುಲ್ಲು ಬೇಡವೇ? ಬೇಕು. ಯಾಕೆ ಬೇಕಾಯಿತು ಎಂದು ತಿಳಿಯಲು ಜೋಳದ ಕಥೆ ಕೇಳಬೇಕು.

ಹಿಂಗಾರಿ ಜೋಳ ಇಲ್ಲಿ ಮನುಷ್ಯನ ರೊಟ್ಟಿ ಮಾತ್ರ ಆಗಿರಲಿಲ್ಲ. ಸೊಲ್ಲಾಪುರ ಕಡೆಯ ಮಾಲದಂಡಿಯಿಂದ ಆರಿಸಿ ತೆಗೆದ ಎಂ 35-1 ತಳಿ ದಶಕಗಟ್ಟಲೆ ಈ ಎರೆ ನೆಲವನ್ನು ಆಳಿದ್ದು ಅದರ ಕಾಳಿಗೆ ಎಷ್ಟೋ, ಆಳೆತ್ತರದ ಸಿಹಿ ಕಣಿಕೆಗೂ ಅಷ್ಟೇ. ಮಾಗಿದ ಜೋಳವನ್ನು ಬುಡಸಮೇತ ಕಿತ್ತು, ತೆನೆ ಮುರಿದು, ಸಿವುಡು ಕಟ್ಟಿ, ಹಿತ್ತಲಲ್ಲಿ ಬಣವಿ ಒಟ್ಟಿದರೆ ಮುಂದಿನ ಸುಗ್ಗಿಯವರೆಗೆ ದನದ ಚಿಂತೆ ಇಲ್ಲ. ಒಳ್ಳೆಯ ವರ್ಷದಲ್ಲಿ ಎಕರೆಗೆ ಎರಡು ಟನ್ನಿನ ಆಸುಪಾಸು ಕಣಿಕೆ ಬಂದರೆ, ದಿನಕ್ಕೆ ಐದಾರು ಕಿಲೋದಂತೆ ಒಂದು ಜಾನುವಾರಿಗೆ ಒಂದು ವರ್ಷ. ಎಕರೆಗೊಂದು ದನ ಎಂಬ ಈ ಲೆಕ್ಕದ ಮೇಲೆಯೇ ಊರ ದನಗಳೆಲ್ಲ ನಿಂತಿದ್ದವು. ಹೆಣ್ಣು ಕೊಡುವವರು ಗಂಡಿನ ಮನೆಯ ಬಣವಿ ಎಣಿಸುತ್ತಿದ್ದರಂತೆ. ಅದು ಸುಮ್ಮನೆ ಅಲ್ಲ.

ಆಮೇಲೆ ತೊಗರಿ ಬಂತು. ಬಂತು ಎನ್ನುವುದು ತಪ್ಪು, ತೊಗರಿ ಯಾವತ್ತೂ ಇತ್ತು, ಜೋಳದ ನಡುವೆ ಅಕ್ಕಡಿ ಸಾಲಾಗಿ. ಈಗ ಅದೇ ಯಜಮಾನ. ತೊಗರಿಯ ಕಣಜ ಎಂಬ ಹೆಸರು ಬಂತು, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಕೈಯಲ್ಲಿ ರೊಕ್ಕ ಆಡಿಸುವ ಬೆಳೆ ಅದು, ರೈತ ಅದರ ಬೆನ್ನು ಹತ್ತಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತದೆ, ಗ್ವಾದಲಿಗೆ ಬರುವುದಿಲ್ಲ. ದನಕ್ಕೆ ಸಿಗುವುದು ಹೊಟ್ಟು ಮಾತ್ರ. ಆ ಹೊಟ್ಟು ಸತ್ವದ ಮೇವು, ಆಡು ಕುರಿಗಳಿಗಂತೂ ಬಲು ಪ್ರೀತಿ. ಈಗೀಗ ಹೊಲಕ್ಕೇ ರಾಶಿ ಯಂತ್ರ ಇಳಿದು, ನಿಂತ ಗಿಡವನ್ನೇ ಕೊಯ್ದು ಕಾಳು ಚೀಲಕ್ಕೆ, ಹೊಟ್ಟು ಮಣ್ಣಿಗೆ ಎಂದಾದಲ್ಲೆಲ್ಲ ಅದೂ ಮನೆಗೆ ಬರುತ್ತಿಲ್ಲ. 2022–23ರಲ್ಲಿ ನೆಟೆ ರೋಗ ತೊಗರಿಯನ್ನು ಒಣಗಿಸಿದಾಗ ಹೋದದ್ದು ಬೇಳೆ ಎಂದು ಪತ್ರಿಕೆಗಳು ಬರೆದವು. ಜೊತೆಗೆ ಹೊಟ್ಟೂ ಹೋಯಿತು.

ಹಸಿ ಮೇವಿನ ಕಥೆ ಇನ್ನೂ ಸೂಕ್ಷ್ಮ. ಮುಂಗಾರಿನಲ್ಲಿ ದನಕ್ಕೆ ಹಸಿರು ಬರುತ್ತಿದ್ದುದು ಯಾವ ಹುಲ್ಲಿನ ತೋಟದಿಂದಲೂ ಅಲ್ಲ, ಕಸ ತೆಗೆಯಲು ಹೋದ ಹೆಣ್ಣುಮಕ್ಕಳ ತಲೆಯ ಮೇಲಿನ ಹೊರೆಯಿಂದ. ಸಂಜೆ ಕೂಲಿಯಿಂದ ಮರಳುವಾಗ ಉಡಿಯಲ್ಲಿ ಸೊಪ್ಪು, ತಲೆಯ ಮೇಲೆ ಹುಲ್ಲು. ಕಳೆನಾಶಕದ ಡಬ್ಬಿ ಬಂದ ಮೇಲೆ ಹೊಲವೇನೋ ಹಸನಾಯಿತು, ಹೊರೆ ನಿಂತುಹೋಯಿತು. ಇದನ್ನು ಯಾವ ಅಂಕಿಅಂಶದ ಪುಸ್ತಕವೂ ಮೇವಿನ ಕೊರತೆ ಎಂದು ಬರೆದುಕೊಂಡಂತಿಲ್ಲ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ತನ್ನ 2050ರ ಮುನ್ನೋಟದಲ್ಲಿ ದೇಶಕ್ಕೆ ಹಸಿ ಮೇವು ಶೇ 35.6ರಷ್ಟು, ಒಣ ಮೇವು ಶೇ 10.95ರಷ್ಟು ಕೊರತೆ ಎಂದು ಲೆಕ್ಕ ಕೊಟ್ಟಿತ್ತು. ಮಳೆ ತಪ್ಪಿದ ವರ್ಷ ಎರೆ ಸೀಮೆಯಲ್ಲಿ ಎರಡೂ ಒಟ್ಟಿಗೇ ಬೀಳುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದಾಗ ಆದದ್ದು ಅದೇ. ಮಳೆ ಹೆಚ್ಚಾದರೂ ಕಷ್ಟವೇ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಲ್ಲಿ ಮೇವಿನ ದಾಸ್ತಾನೂ ನೀರುಪಾಲಾಗಿತ್ತು.

ನೇಪಿಯರ್ ಎಂಬ ದೊಡ್ಡ ಹೆಸರು

ಮೇವಿನ ಹುಲ್ಲು ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ನೇಪಿಯರ್. ಕೆಲವರು ಆನೆ ಹುಲ್ಲು ಎನ್ನುತ್ತಾರೆ. ಆಫ್ರಿಕದ ಈ ಹುಲ್ಲಿಗೆ ಕಳೆದ ಶತಮಾನದ ಆರಂಭದಲ್ಲಿ ರೊಡೇಷ್ಯಾದ ಬುಲವಾಯೊದಲ್ಲಿದ್ದ ಕರ್ನಲ್ ನೇಪಿಯರ್ ಎಂಬವನ ಹೆಸರು ಅಂಟಿಕೊಂಡಿತು. ನಮ್ಮ ಸಜ್ಜೆಯೊಂದಿಗೆ ಅದನ್ನು ಕೂಡಿಸಿ ದೇಶದ ಮೊದಲ ಸಂಕರ ಹುಲ್ಲು ತೆಗೆದದ್ದು ಕೊಯಮತ್ತೂರಿನಲ್ಲಿ, 1953ರಲ್ಲಿ. ಸಜ್ಜೆಯ ಮೃದುತನ, ನೇಪಿಯರಿನ ಹಟ ಎರಡೂ ಅದಕ್ಕೆ ಬಂದವು. ಬೀಜ ಮಾತ್ರ ಕಟ್ಟುವುದಿಲ್ಲ, ಕಬ್ಬಿನಂತೆ ತುಂಡು ಹಚ್ಚಬೇಕು. ಕರಿಕಿಗೆ ಹೆದರುವ ರೈತನಿಗೆ ಹೇಳಬೇಕಾದ ಮೊದಲ ಮಾತೇ ಇದು. ಬೀಜವಿಲ್ಲದ್ದು ಗಾಳಿಗೆ ಹಾರಿ ಪಕ್ಕದ ಹೊಲಕ್ಕೆ ಹೋಗುವುದಿಲ್ಲ, ನೆಲದೊಳಗೆ ಓಡುವ ಕರಿಕಿಯಂಥ ಬೇರೂ ಇದಕ್ಕಿಲ್ಲ. ಬೇಡವಾದರೆ ಬುಡಕ್ಕೆ ಗುದ್ದಲಿ ಹಾಕಿ ಕಿತ್ತರೆ ಮುಗಿಯಿತು.

ಸಿಒ-3, ಸಿಒ-4, ಸಿಒ-5 ಎಲ್ಲ ಕೊಯಮತ್ತೂರಿನವು. ಪುಣೆ ಬಳಿಯ ಉರುಳಿಕಾಂಚನದ ಬೈಫ್ ಸಂಸ್ಥೆಯದು ಬಿಎನ್‌ಎಚ್-10. ಧಾರವಾಡದಲ್ಲಿರುವ ಝಾನ್ಸಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ತೆಗೆದದ್ದು ಡಿಎಚ್‌ಎನ್-6. ಥಾಯ್ಲೆಂಡಿನ ಪಾಕ್‌ಚೊಂಗ್ ತಳಿ ಸೂಪರ್ ನೇಪಿಯರ್ ಎಂಬ ಹೆಸರಿನಲ್ಲಿ ಮೊಬೈಲಿನ ಜಾಹೀರಾತುಗಳಲ್ಲಿ ಓಡಾಡುತ್ತಿದೆ. ಒಂದು ತುಂಡಿಗೆ ಇಷ್ಟು ಎಂದು ದರ ಹೇಳಿ, ಹದಿನೈದು ಅಡಿ ಎತ್ತರದ ಹುಲ್ಲಿನ ಪಕ್ಕ ಮನುಷ್ಯನನ್ನು ನಿಲ್ಲಿಸಿದ ಚಿತ್ರ ತೋರಿಸುತ್ತಾರೆ. ಆ ಎತ್ತರಕ್ಕೆ ಮರುಳಾಗಬಾರದು. ಹದಿನೈದು ಅಡಿ ಬೆಳೆದ ನೇಪಿಯರ್ ಎಂದರೆ ಬಲಿತ ದಂಟು. ದನ ಎಲೆ ತಿಂದು ಉಳಿದದ್ದನ್ನು ಕಾಲಲ್ಲಿ ತುಳಿಯುತ್ತದೆ.

ಹುಲ್ಲಿನ ಲೆಕ್ಕ ಹೀಗೆ. ನೀರು, ಗೊಬ್ಬರ ಎಲ್ಲ ಸರಿಯಿದ್ದರೆ ಸಿಒ-4 ಹೆಕ್ಟೇರಿಗೆ ವರ್ಷಕ್ಕೆ 380ರಿಂದ 400 ಟನ್ ಕೊಡುತ್ತದೆ ಎನ್ನುತ್ತಾರೆ. ಎಕರೆಗೆ ಸುಮಾರು 160 ಟನ್, ಗುಂಟೆಗೆ 4 ಟನ್ ಆಯಿತು. ನಮ್ಮ ಬೋರಿನ ನೀರು, ನಮ್ಮ ಕರೆಂಟು, ನಮ್ಮ ಬಿಸಿಲಿಗೆ ಅದರ ಅರ್ಧ ಹಿಡಿಯಿರಿ. ಆದರೂ ಗುಂಟೆಗೆ ದಿನಕ್ಕೆ ಐದು ಕಿಲೋ ಮೇಲೆ. ಐದು ಗುಂಟೆ ಇದ್ದರೆ ಒಂದು ಹೈನಕ್ಕೆ ದಿನಕ್ಕೆ ಬೇಕಾದ 25 ಕಿಲೋ ಹಸಿ ಮೇವು ಸಿಕ್ಕಿತು, ಕೈಕೆಲಸ ಚೊಕ್ಕಟವಾಗಿದ್ದರೆ ಎರಡಕ್ಕೂ ಆದೀತು. ಹಾಗಾಗಿ ನೇಪಿಯರ್ ಎಕರೆಗಟ್ಟಲೆ ಹಚ್ಚುವ ಬೆಳೆ ಅಲ್ಲ. ಮನೆ ಮುಂದಿನ ಬಚ್ಚಲ ನೀರು, ದನ ತೊಳೆದ ನೀರು, ಬಾವಿಯ ಕಾಲುವೆ ಸೋರುವ ಮೂಲೆ, ಇಷ್ಟು ಸಾಕು. 

ಹಚ್ಚುವಾಗ ಮೂರು ತಿಂಗಳು ದಾಟಿದ ದಂಟನ್ನು ಆರಿಸಬೇಕು. ತುದಿಯ ಎಳೆ ಭಾಗ ಬೇಡ. ಒಂದೊಂದು ತುಂಡಿಗೆ ಎರಡು ಗಣ್ಣು; ಒಂದು ಗಣ್ಣು ಮಣ್ಣಿನೊಳಗೆ, ಒಂದು ಮೇಲೆ, ಓರೆಯಾಗಿ ಊರಬೇಕು. ತಲೆಕೆಳಗಾಗಿ ಊರಿದರೆ ಕೊಳೆಯುವುದೇ ಹೆಚ್ಚು. ಸಾಲಿನಿಂದ ಸಾಲಿಗೆ 90, ತುಂಡಿನಿಂದ ತುಂಡಿಗೆ 60 ಸೆಂಟಿಮೀಟರ್ ಬಿಟ್ಟರೆ ಗುಂಟೆಗೆ ಸುಮಾರು 185 ತುಂಡು ಹಿಡಿಯುತ್ತವೆ. ಮೊದಲ ಕೊಯ್ಲು 70–75 ದಿನಕ್ಕೆ, ಆಮೇಲೆ 40–45 ದಿನಕ್ಕೊಮ್ಮೆ. ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕುಡುಗೋಲು ಹಾಕಬೇಕು. ಆಸೆಗೆ ಬುಡ ಸವರಿದರೆ ಮುಂದಿನ ಚಿಗುರು ಸೊರಗುತ್ತದೆ. ಎರೆ ನೆಲದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ನೇಪಿಯರ್ ತಡೆಯುವುದಿಲ್ಲ, ಆದ್ದರಿಂದ ಬೋದು ಮಾಡಿ ಬೋದಿನ ಪಕ್ಕಕ್ಕೆ ಹಚ್ಚುವುದು ಕ್ಷೇಮ.

ಇಷ್ಟೆಲ್ಲ ಹೇಳಿದ ಮೇಲೂ ಅಫಜಲಪುರದ ರೈತನಿಂದ ಒಂದು ಮಾತು ಬಂದೇ ಬರುತ್ತದೆ: ‘ಕಬ್ಬಿಗೇ ನೀರು ಸಾಲವಲ್ದು, ಹುಲ್ಲಿಗೆ ಎಲ್ಲಿಂದ ಬಿಡೂಣ್ರಿ?’ ಮಾತು ಸುಳ್ಳಲ್ಲ. ಸೊನ್ನದಲ್ಲಿ ಭೀಮೆಗೆ ಬ್ಯಾರೇಜ್ ಇದೆ, ಹವಳಗಾದಲ್ಲಿ, ಆಳಂದದ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ನೀರು ಇದ್ದಲ್ಲೆಲ್ಲ ಕಬ್ಬು ಎದ್ದಿದೆ. ಕಬ್ಬು ಕಡಿಯುವ ಕಾಲದಲ್ಲಿ ಅದರ ವಾಡೆ, ಅಂದರೆ ತುದಿಯ ಸೋಗೆ, ದನಕ್ಕೆ ಧಾರಾಳ. ಕಾರ್ಖಾನೆ ನಿಂತ ಮೇಲೆ, ಅಂದರೆ ಬೇಸಿಗೆಯ ಬಿರುಸಿನಲ್ಲಿ, ಅದೂ ಇಲ್ಲ. ಜೇವರ್ಗಿಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ಕವಲು ಮುಟ್ಟಿದ ಊರುಗಳದು ಒಂದು ಪರಿ, ಮುಟ್ಟದ ಊರುಗಳದು ಇನ್ನೊಂದು ಪರಿ. ಮೂರೂ ತಾಲ್ಲೂಕುಗಳಲ್ಲಿ ನೀರಿಲ್ಲದ ಹೊಲಗಳೇ ಬಹಳ, ಮೇವಿನ ಕಷ್ಟ ಇರುವುದೂ ಅಲ್ಲೇ. ನೇಪಿಯರ್ ತುಂಡು ಹಂಚಿ ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮಗಳು ಆ ಹೊಲಗಳಿಗೆ ಏನನ್ನೂ ಕೊಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬದುವಿಗೆ ಬೇರೆಯೇ ಹುಲ್ಲು

ಮಳೆಯನ್ನೇ ನಂಬಿದ ನೆಲಕ್ಕೆ ಮಳೆಯನ್ನೇ ನಂಬಿದ ಹುಲ್ಲು ಬೇಕು. ಅದು ನಮ್ಮಲ್ಲೇ ಇತ್ತು. ದೇಶದ ಹುಲ್ಲುಗಳ ಸಮೀಕ್ಷೆ ಮಾಡಿದ ದಬಡಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಖ್ಖನ್ ಪ್ರಸ್ಥಭೂಮಿಯನ್ನೆಲ್ಲ ಸೆಹಿಮಾ–ಡೈಕ್ಯಾಂಥಿಯಂ ಹುಲ್ಲುಗಳ ಸೀಮೆ ಎಂದು ಗುರುತಿಸಿದ್ದಾರೆ. ಡೈಕ್ಯಾಂಥಿಯಂ ಎಂದರೆ ಕೃಷಿ ವಿಶ್ವವಿದ್ಯಾಲಯಗಳು ಮಾರ್ವೆಲ್ ಎಂದು ಕರೆಯುವ, ಕಪ್ಪು ಮಣ್ಣಿನ ಹುಟ್ಟು ನಿವಾಸಿ. ದನಕ್ಕೆ ರುಚಿಸುವ ಹುಲ್ಲು ಮೊದಲು ಮುಗಿಯುತ್ತದೆ. ಅದು ಮುಗಿದ ಮೇಲೆ ಚುಂಚಿನಂತೆ ಚುಚ್ಚುವ ಹುಲ್ಲು, ಅದೂ ಹೋದ ಮೇಲೆ ಬರೀ ಗರಸು. ಈ ಇಳಿಜಾರನ್ನು ಯಾವ ಊರಿನ ಗಾಯರಾಣದಲ್ಲಾದರೂ, ಅಂದರೆ ಗೋಮಾಳದಲ್ಲಾದರೂ ನೋಡಬಹುದು, ಗಾಯರಾಣ ಉಳಿದಿದ್ದರೆ. ನೂರು ಜಾನುವಾರಿಗೆ 12 ಹೆಕ್ಟೇರ್ ಮೇವಿನ ಜಾಗ ಬಿಡಬೇಕೆಂದು ಕರ್ನಾಟಕ ಭೂಕಂದಾಯ ನಿಯಮಾವಳಿ 1966ರಿಂದಲೂ ಹೇಳುತ್ತಿದೆ. ಅಂಥ ಜಾಗ ಅಳತೆಗೆ ಸಿಗುವ ಊರು ಎಷ್ಟಿವೆ ಎಂದು ಗ್ರಾಮ ಪಂಚಾಯಿತಿಯವರನ್ನು ಕೇಳಿ ನೋಡಿ.

ಮಳೆಯನ್ನೇ ನಂಬಿದ ಹುಲ್ಲುಗಳಲ್ಲಿ ಮಾರ್ವೆಲ್ ಒಂದಾದರೆ, ಎರಡನೆಯದು ಅಂಜನ. ಕುರುಚಲು ಗುಂಪಾಗಿ ಬೆಳೆಯುವ, ಬುಡದಲ್ಲಿ ಸಕ್ಕರೆ ಕೂಡಿಟ್ಟುಕೊಂಡು ಬೇಸಿಗೆಯನ್ನು ಸತ್ತಂತೆ ಮಲಗಿ ಕಳೆದು ಮೊದಲ ಮಳೆಗೆ ಏಳುವ ಹುಲ್ಲು. ರಾಜಸ್ಥಾನದ ಮರಳಿನಲ್ಲೂ ಬದುಕುತ್ತದೆ. ಗರಸು, ಮಸಾರಿ, ಬದುವಿನ ಏರು, ಹಳ್ಳದ ದಡ ಇದಕ್ಕೆ ಒಗ್ಗುತ್ತವೆ. ನೀರು ನಿಲ್ಲುವ ಕಪ್ಪು ತಗ್ಗು ಒಗ್ಗುವುದಿಲ್ಲ. ಇದರ ಬಗ್ಗೆ ಒಂದು ಎಚ್ಚರಿಕೆಯೂ ಉಂಟು. ಹತ್ತೊಂಬತ್ತನೇ ಶತಮಾನದಲ್ಲಿ ಅಫ್ಘಾನ್ ಒಂಟೆಯವರ ಜೀನುಗಳ ತುಂಬುವಿಕೆಯಲ್ಲಿ ಸೇರಿಕೊಂಡು ಆಸ್ಟ್ರೇಲಿಯಕ್ಕೆ ಹೋದ ಅಂಜನ ಅಲ್ಲಿನ ದನಗಾಹಿಗಳಿಗೆ ವರವಾಯಿತು, ಕಾಡಿಗೆ ಶಾಪವಾಯಿತು. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಅದನ್ನು ಕಿತ್ತೆಸೆಯಲು ಸ್ವಯಂಸೇವಕರ ದಂಡೇ ಇದೆ. ಇಲ್ಲಿ ಆ ಭಯ ಬೇಡ. ಅದು ಈ ದೇಶದ ಹುಲ್ಲೇ, ದನ ಕುರಿ ಅದನ್ನು ಮಿತಿಯಲ್ಲಿ ಇಡುತ್ತವೆ. ಕರಿಕಿಯಂತೆ ನೆಲದೊಳಗೆ ಹರಿದಾಡುವ ಜಾತಿಯೂ ಅಲ್ಲ. ಬೀಜ ಹಾರಿ ಹೊಲದ ಅಂಚಿನಲ್ಲಿ ನಾಲ್ಕು ಗಿಡ ಹುಟ್ಟಿದರೆ ಕುಂಟೆಗೆ ಸಿಕ್ಕಿ ಹೋಗುತ್ತವೆ.

ಹುಲ್ಲೊಂದನ್ನೇ ತಿಂದರೆ ದನಕ್ಕೆ ಹೊಟ್ಟೆ ತುಂಬುತ್ತದೆ, ಹಾಲು ಏರುವುದಿಲ್ಲ. ಕಣಿಕೆಯಲ್ಲಿ ಪ್ರೋಟೀನ್ ಶೇ 3–4, ನೇಪಿಯರಿನಲ್ಲಿ ಶೇ 8–10. ನೇಪಿಯರಿನಲ್ಲಿ ಆಕ್ಸಲೇಟ್ ಅಂಶವೂ ಇರುವುದರಿಂದ ಅದನ್ನೇ ಮೂರು ಹೊತ್ತು ಹಾಕುವುದು ಸಲ್ಲ. ದ್ವಿದಳ ಸೇರಬೇಕು. ಕೆಂಪು ಗರಸಿಗೆ ಸ್ಟೈಲೊ ಚೆನ್ನ. ಎರೆಗೆ ಅದು ಅಷ್ಟಕ್ಕಷ್ಟೆ. ಎರೆ ನೆಲಕ್ಕೆ ಹೊಂದುವುದು ಬೇಲಿಯ ಮೇಲೆ ನೀಲಿ ಹೂ ಬಿಡುವ, ಪೂಜೆಗೆ ಕೊಯ್ಯುವ ಶಂಖಪುಷ್ಪ. ಆಸ್ಟ್ರೇಲಿಯದ ಕಪ್ಪು ಜೇಡಿ ನೆಲದಲ್ಲಿ ಇದನ್ನು ದನದ ಮೇವಿಗೆಂದೇ ಬಿತ್ತುತ್ತಾರೆ. ಇಲ್ಲಿ ದೇವರಿಗೆ ಮಾತ್ರ ಏರಿಸುತ್ತೇವೆ. ಬದುವಿನಲ್ಲಿ ಅಗಸೆ, ನುಗ್ಗೆಯ ಒಂದೊಂದು ಗಿಡ ಇದ್ದರೆ ಆಡಿಗೂ ಆಯಿತು, ಮನೆಗೂ ಆಯಿತು.

ಬದುವಿನ ಲೆಕ್ಕವನ್ನೂ ಹಾಕಿಬಿಡೋಣ. ಒಂದು ಹೆಕ್ಟೇರ್ ಚೌಕ ಹೊಲದ ಸುತ್ತಳತೆ 400 ಮೀಟರ್. ಅರ್ಧ ಮೀಟರಿಗೊಂದರಂತೆ 800 ಬುಡ. ಮಳೆಗಾಲದಲ್ಲಿ ಮೂರು ಕೊಯ್ಲು, ಒಂದೊಂದು ಬುಡಕ್ಕೆ ಒಂದೂವರೆ ಕಿಲೋ ಎಂದು ಹಿಡಿದರೂ 3,600 ಕಿಲೋ ಹಸಿ ಹುಲ್ಲು. ಒಂದು ದನಕ್ಕೆ ದಿನಕ್ಕೆ ಹತ್ತು ಕಿಲೋದಂತೆ ವರ್ಷಪೂರ್ತಿ. ತೊಗರಿಯ ಒಂದು ಸಾಲನ್ನೂ ಕೀಳದೆ, ಒಂದು ಹನಿ ಬೋರಿನ ನೀರನ್ನೂ ಬಿಡದೆ ಬಂದದ್ದು ಇದು. ಮೇಲಾಗಿ ಮಳೆಗೆ ಒಡ್ಡು ಒಡೆಯುವುದೂ ತಪ್ಪುತ್ತದೆ. ಗುಂಡ್ಲುಪೇಟೆಯ ರೈತರು ಲಾವಂಚವನ್ನು ಹೊಲದ ಗಡಿಗೆ ನೆಟ್ಟು ಮಣ್ಣು ಹಿಡಿದದ್ದು ಹಳೆಯ ಪಾಠ, ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರೂ ಅದರಿಂದ ಕಲಿತರು. ಬರುವ ತೊಡಕು ಒಂದೇ: ಈ 3,600 ಕಿಲೋ ಜುಲೈಯಿಂದ ನವೆಂಬರ್ ಒಳಗೆ ಬರುತ್ತದೆ, ದನ ಹನ್ನೆರಡು ತಿಂಗಳೂ ತಿನ್ನುತ್ತದೆ. ಹೆಚ್ಚಾದದ್ದನ್ನು ಹೂ ಬಿಡುವ ಹೊತ್ತಿಗೆ ಕೊಯ್ದು ನೆರಳಿನಲ್ಲಿ ಒಣಗಿಸಬೇಕು, ಇಲ್ಲವೇ ಕಡಬಾ ಮಷಿನ್ನಿನಲ್ಲಿ ಕತ್ತರಿಸಿ ಗಾಳಿ ಆಡದಂತೆ ಚೀಲದಲ್ಲಿ ತುಳಿದು ರಸಮೇವು ಮಾಡಬೇಕು. ಸ್ವಲ್ಪ ಬೆಲ್ಲದ ನೀರು ಚಿಮುಕಿಸಿದರೆ ಹುಳಿ ಚೆನ್ನಾಗಿ ಹಿಡಿಯುತ್ತದೆ.

ಕೀನ್ಯಾದಲ್ಲಿ ನೇಪಿಯರನ್ನು ಬದುವಿಗೆ ಹಚ್ಚುವುದರ ಹಿಂದೆ ಬೇರೆಯೇ ಉಪಾಯವಿದೆ. ಮೆಕ್ಕೆಜೋಳ, ಜೋಳದ ಕಾಂಡ ಕೊರೆಯುವ ಹುಳುವಿನ ಪತಂಗ ನೇಪಿಯರಿನ ವಾಸನೆಗೆ ಸೋತು ಅಲ್ಲಿ ಮೊಟ್ಟೆ ಇಡುತ್ತದೆ. ಮರಿ ಕೊರೆದಾಗ ಒಸರುವ ಅಂಟಿನಲ್ಲಿ ಹೆಚ್ಚಿನವು ಸಾಯುತ್ತವೆ. ನೈರೋಬಿಯ ಕೀಟವಿಜ್ಞಾನ ಕೇಂದ್ರದವರು 1990ರ ದಶಕದಲ್ಲಿ ಕಟ್ಟಿದ ಪದ್ಧತಿ ಇದು. ತಮಾಷೆ ಎಂದರೆ ಆ ಹುಳುಗಳಲ್ಲಿ ಮುಖ್ಯವಾದ ಒಂದು ನಮ್ಮ ಏಷ್ಯಾದಿಂದಲೇ ಅತ್ತ ಹೋದದ್ದು. ಹುಲ್ಲು ಇತ್ತ ಬಂತು, ಹುಳು ಅತ್ತ ಹೋಯಿತು.

ಸುಗ್ಗಿ ಮುಗಿದ ಮೇಲೆ

ಹುಲ್ಲಿನ ನಿಜವಾದ ಪರೀಕ್ಷೆ ಮಣ್ಣಿನಲ್ಲೂ ಇಲ್ಲ, ಮಳೆಯಲ್ಲೂ ಇಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಬಂದು, ತೊಗರಿ ರಾಶಿಯಾಗಿ, ಹಿಂಗಾರಿ ಜೋಳವೂ ಮನೆ ಸೇರಿದ ಮೇಲೆ ಈ ಸೀಮೆಯ ಹೊಲಗಳಿಗೆ ಯಜಮಾನರಿಲ್ಲ. ಊರ ದನ, ಆಡು, ಕುರಿ ಎಲ್ಲಿ ಬೇಕಾದರೂ ಮೇಯಬಹುದು. ಅಲೆಮಾರಿ ಕುರಿಗಾರರು ಬಂದು ಹೊಲದಲ್ಲಿ ಹಟ್ಟಿ ಹಾಕುತ್ತಾರೆ, ಅದರ ಗೊಬ್ಬರಕ್ಕೆ ರೈತನೇ ಕಾಳು ಕೊಟ್ಟು ಕರೆಯುತ್ತಾನೆ. ಬೇಲಿ ಇಲ್ಲದ, ಬೇಲಿ ಬೇಡದ ಒಕ್ಕಲುತನ ಇದು. ಎಷ್ಟೋ ಬಡವರ ಆಡುಗಳು ಬದುಕಿರುವುದೇ ಈ ಬಯಲು ಕಟ್ಟಳೆಯಿಂದ. ಮಾರ್ಚ್ ತಿಂಗಳಲ್ಲಿ ಹತ್ತು ಹರದಾರಿ ಕಪ್ಪು ಬಯಲಿನ ನಡುವೆ ಒಬ್ಬನ ಬದುವಿನಲ್ಲಿ ಮಾತ್ರ ಹಸಿರು ಇದ್ದರೆ ಏನಾದೀತು? ಮೊದಲ ವರ್ಷದ ಎಳೆ ಬುಡ ಬೇರು ಸಮೇತ ಕಿತ್ತುಬರುತ್ತದೆ. ಒಬ್ಬನೇ ಹುಲ್ಲು ಹಚ್ಚಿದರೆ ಅವನು ಊರ ಕುರಿಗೆ ಹಚ್ಚಿದಂತೆ. ಇದಕ್ಕೆ ತಂತಿ ಬೇಲಿ ಉತ್ತರವಲ್ಲ, ಅದರ ಖರ್ಚಿಗೆ ಎರಡು ಟ್ರಾಲಿ ಕಣಿಕೆ ಬರುತ್ತದೆ. ಹಳ್ಳದ ಒಂದು ಬದಿಯ ಹೊಲದವರೆಲ್ಲ ಒಂದೇ ವರ್ಷ ಬದುವಿಗೆ ಬೀಜ ಚೆಲ್ಲಿ, ಕುರಿಗಾರರನ್ನೂ ಕೂಡಿಸಿ, ‘ಈ ವರ್ಷ ಈ ಕಡೆ ಬೇಡ, ಮುಂದಿನ ವರ್ಷದಿಂದ ನೀವೂ ಬನ್ನಿ’ ಎಂದು ಮಾತಾಡಿಕೊಳ್ಳುವುದೊಂದೇ ದಾರಿ. ಬೇರು ಕಚ್ಚಿದ ಅಂಜನ ಎರಡನೇ ವರ್ಷದಿಂದ ಮೇಯಿಸಿದರೂ ಸಾಯುವುದಿಲ್ಲ. ಇಲಾಖೆ ತುಂಡು ಹಂಚುವ ಬದಲು ಈ ಮಾತುಕತೆಗೆ ಒಬ್ಬ ಮನುಷ್ಯನನ್ನು ಕಳಿಸಿದರೆ ಹೆಚ್ಚು ಹುಲ್ಲು ಬೆಳೆದೀತು.

ಹಲವು ಕೊಯ್ಲಿನ ಮೇವಿನ ಜೋಳವನ್ನೂ ಕೆಲವರು ಬಿತ್ತುತ್ತಿದ್ದಾರೆ. ಬಿತ್ತಲಿ, ಆದರೆ ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ, ಕೊಯ್ದ ಮೇಲೆ ಬಂದ ಎಳೆ ಚಿಗುರಿನಲ್ಲಿ ಸೈನೈಡ್ ವಿಷ ಕೂಡಿರುತ್ತದೆ ಎಂಬುದನ್ನು ಮರೆಯಬಾರದು. ದನ ಮೇದ ಕೆಲವೇ ನಿಮಿಷಗಳಲ್ಲಿ ನೊರೆ ಕಾರಿ ಬೀಳುತ್ತದೆ. ಪಶುವೈದ್ಯರ ಬಳಿ ಚುಚ್ಚುಮದ್ದು ಉಂಟು, ಅವರು ಬರುವವರೆಗೆ ದನಕ್ಕೆ ಸಮಯ ಇರುವುದಿಲ್ಲ. ಹೂ ಬಿಡುವವರೆಗೆ ಆ ಹೊಲದತ್ತ ಬಿಡದಿರುವುದೇ ಮದ್ದು.

ಇಷ್ಟಾದರೂ ಹುಲ್ಲು ಕಣಿಕೆಗೆ ಬದಲಿ ಅಲ್ಲ. ಐದಾರು ಎಕರೆ ಒಕ್ಕಲುತನ ಇರುವವರು ಒಂದು ಎಕರೆಯಾದರೂ ಹಿಂಗಾರಿ ಜೋಳಕ್ಕೆ ಬಿಡಲಿ. ಬಣವಿ ಇದ್ದರೆ ಹುಲ್ಲಿಗೆ ಅರ್ಥ, ಬಣವಿ ಇಲ್ಲದೆ ಹುಲ್ಲೊಂದೇ ಬೇಸಿಗೆ ದಾಟಿಸಲಾರದು. ನೀರಿದ್ದವರು ಐದು ಗುಂಟೆ ನೇಪಿಯರ್ ಹಚ್ಚಲಿ, ಇಲ್ಲದವರು ಬದುವಿಗೆ ಅಂಜನ, ಎರೆ ತಗ್ಗಿಗೆ ಮಾರ್ವೆಲ್ ಮತ್ತು ಶಂಖಪುಷ್ಪ ನೋಡಲಿ. ಅಂಜನದ ಬೀಜ ಹತ್ತಿಯ ಎಳೆಯಂತೆ ಹಗುರ. ಒಣಗಾಳಿಗೆ ಚೆಲ್ಲಿದರೆ ಹಾರಿಹೋಗುತ್ತದೆ, ಹಸಿ ಮಣ್ಣಿನಲ್ಲಿ ಕಲಸಿ ಉದುರಿಸಬೇಕು. ಅರ್ಧ ಇಂಚಿಗಿಂತ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಹೊಸದಾಗಿ ಕಿತ್ತ ಬೀಜ ಆರೆಂಟು ತಿಂಗಳು ಸರಿಯಾಗಿ ಮೊಳೆಯುವುದೂ ಇಲ್ಲ. ಯಾರಾದರೂ ಈ ವರ್ಷದ ಬೀಜವನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಕೊಳ್ಳಬೇಡಿ. ಹೋದ ವರ್ಷದ್ದನ್ನು ಕೇಳಿ ತಂದು, ಮೃಗಶಿರಾ ಮಳೆಗೆ ಮುಂಚೆ ಮನೆಯಲ್ಲಿಟ್ಟುಕೊಳ್ಳಿ.